ಘಟ್ಟದಲ್ಲಿ ನಿಂತ ಗಾಡಿ
(ಬಾನುಲಿ ಭಾಷಣ)

ಹಳೆಯ ಗಾಡಿಯೊಂದನ್ನು ಇಟ್ಟುಕೊಂಡವನಿಗೆ ಹೊತ್ತು ಹೋಗುವುದಿಲ್ಲವೆಂಬ ಚಿಂತೆ ಇರುವುದಿಲ್ಲ. ನಾನು 32 ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನು. ತೀರ್ಥಹಳ್ಳಿಯ ಸಮೀಪದಲ್ಲಿ ಹಿರಿಯರಿಂದ ಬಂದ ಸ್ವಲ್ಪ ತೋಟವಿದೆ. ಅಡಿಕೆಯ ನಡುವೆ ಬಾಳೆಯಿದೆ. ಬಾಳೆಗೊನೆಗಳನ್ನು ಘಟ್ಟದ ಕೆಳಗೆ ಉಡುಪಿಗೆ ಸಾಗಿಸುವುದಕ್ಕೆಂದು, ಬರುವಾಗ ತೆಂಗಿನಕಾಯಿಯನ್ನೋ ದನದ ಹಿಂಡಿಯನ್ನೋ ಹೇರಿಕೊಂಡು ಬರುವುದಕ್ಕೆಂದು, ಇಪ್ಪತ್ತು ವರ್ಷ ದಾಟಿದ ಒಂದು ಡೀಸೆಲ್ ಪಿಕಪ್ ಗಾಡಿಯನ್ನು ಇಟ್ಟುಕೊಂಡಿದ್ದೇನೆ. ನಮ್ಮ ಕಡೆಯ ಮೆಕ್ಯಾನಿಕ್ಕುಗಳ ಭಾಷೆಯಲ್ಲಿ 'ಪಿಕಪ್' ಎಂಬ ಮಾತಿಗೆ ಎರಡು ಅರ್ಥ. ಒಂದು, ಹಿಂಭಾಗದಲ್ಲಿ ತೆರೆದ ತೊಟ್ಟಿಯಿರುವ ಸಣ್ಣ ಸರಕುಗಾಡಿ. ಇನ್ನೊಂದು, ಕಾಲೊತ್ತಿದೊಡನೆ ಮುನ್ನುಗ್ಗುವ ಎಂಜಿನ್ನಿನ ಹುರುಪು. ಮೊದಲನೆಯ ಅರ್ಥದ ಪಿಕಪ್ಪಿನಲ್ಲಿ ಎರಡನೆಯ ಅರ್ಥದ ಪಿಕಪ್ ಇಲ್ಲದೆ ಹೋದ ಒಂದು ಮಳೆಗಾಲದ ಕಥೆಯನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಕಥೆಯೆಂದೆನಾದರೂ ಇದರಲ್ಲಿ ನನ್ನ ತಪ್ಪೊಂದರ ಒಪ್ಪಿಗೆಯೂ ಇದೆ.

ಗಾಡಿಯನ್ನು ಓಡಿಸುವವನು ನಮ್ಮ ಊರಿನವನೇ. 11 ವರ್ಷಗಳಿಂದ ನಮ್ಮಲ್ಲಿದ್ದಾನೆ. ಆಗುಂಬೆ ಘಟ್ಟದ 14 ತಿರುವುಗಳಲ್ಲಿ ಯಾವುದರಲ್ಲಿ ಯಾವ ಗೇರು ಎಂಬುದು ಅವನಿಗೆ ಕಣ್ಣು ಮುಚ್ಚಿದರೂ ತಿಳಿದಿದೆ. ಮಾತು ಕಡಿಮೆ. ಕೇಳಿದರೆ ಹೇಳುತ್ತಾನೆ, ಕೇಳದಿದ್ದರೆ ಇಲ್ಲ. ಅವನ ಈ ಸ್ವಭಾವವೂ ಮುಂದೆ ಬರುವ ಸಂಗತಿಗೆ ಸಂಬಂಧಪಟ್ಟದ್ದೇ ಆಗಿದೆ.

ಸಂಗತಿ ಅರ್ಥವಾಗಬೇಕಾದರೆ ಎಣ್ಣೆ ನಡೆಯುವ ದಾರಿಯನ್ನು ಮೊದಲು ಹೇಳಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಅದು ಬರಿಯ ಗಾಳಿಯನ್ನು ಒಳಗೆ ತೆಗೆದುಕೊಂಡು, ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಗಾತ್ರಕ್ಕೆ ಅದುಮುತ್ತದೆ. ಹಾಗೆ ಅದುಮಿಸಿಕೊಂಡ ಗಾಳಿ 500 ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಇಂಥ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದಾಗ, ಎಣ್ಣೆಯನ್ನು ಒಳಗೆ ಊದುವುದಕ್ಕೆ ಅದುಮಿದ ಗಾಳಿಯ ಬೇರೊಂದು ಯಂತ್ರವೇ ಬೇಕಾಗಿತ್ತು. ಅಷ್ಟು ಭಾರವನ್ನು ಹೊತ್ತುಕೊಂಡು ಓಡಾಡುವುದು ರಸ್ತೆಯ ಗಾಡಿಗೆ ಕಷ್ಟ. ಆದಕಾರಣ ಡೀಸೆಲ್ ಎಂಜಿನ್ ಬಹುಕಾಲ ಹಡಗುಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಉಳಿಯಿತು. 1927ರಲ್ಲಿ ರಾಬರ್ಟ್ ಬಾಷ್ ಅವರ ಕಾರ್ಖಾನೆಯಿಂದ, ಒಬ್ಬ ಮನುಷ್ಯ ಎತ್ತಿಕೊಳ್ಳಬಹುದಾದ ಇಂಜೆಕ್ಷನ್ ಪಂಪು ಹೊರಬರತೊಡಗಿದ ಮೇಲೆಯೇ ಅದು ಲಾರಿಗಳಲ್ಲಿ ಬೇರೂರಿದ್ದು. ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಇಂಥ ಪಂಪುಗಳನ್ನು ದಶಕಗಳ ಕಾಲ ತಯಾರಿಸಿತು.

ಆ ಪಂಪಿನೊಳಗೆ ಉಕ್ಕಿನ ಕೊಳವೆಯಲ್ಲಿ ಉಕ್ಕಿನ ದಂಡವೊಂದು ಮೇಲೆ ಕೆಳಗೆ ಆಡುತ್ತದೆ. ಎರಡರ ನಡುವಣ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ನಮ್ಮ ತಲೆಗೂದಲಿನ ದಪ್ಪ ಅದರ ಇಪ್ಪತ್ತು ಮೂವತ್ತು ಪಟ್ಟಾದೀತು. ಇಷ್ಟು ನಾಜೂಕಾದುದರಿಂದ ಅದರ ಮುಂದೆ ಫಿಲ್ಟರ್ ಇರುತ್ತದೆ. ಫಿಲ್ಟರಿನ ಮುಂದೆ, ಟ್ಯಾಂಕಿನಿಂದ ಎಣ್ಣೆಯನ್ನು ತರುವ ಫೀಡ್ ಪಂಪು. ಈ ಫೀಡ್ ಪಂಪಿಗೆ ಕೈಯಿಂದ ಒತ್ತುವ ಒಂದು ಗುಂಡಿಯೂ ಇರುತ್ತದೆ. ಹೀಗೆ ಟ್ಯಾಂಕು, ಪೈಪು, ಫೀಡ್ ಪಂಪು, ಫಿಲ್ಟರ್, ಇಂಜೆಕ್ಷನ್ ಪಂಪು, ಕೊನೆಗೆ ಎಂಜಿನ್ನಿನ ತಲೆಯಲ್ಲಿ ಕುಳಿತು ಸಿಂಪಡಿಸುವ ನೋಜಲ್‌ಗಳು. ಉಳಿದ ಎಣ್ಣೆ ಬೇರೊಂದು ಪೈಪಿನ ಮೂಲಕ ಮತ್ತೆ ಟ್ಯಾಂಕಿಗೆ ಮರಳುತ್ತದೆ.

ಈ ದಾರಿಯಲ್ಲಿ ಫೀಡ್ ಪಂಪು ಒಂದು ಗಡಿ ಎಂಬುದನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಅದರಿಂದ ಮುಂದಕ್ಕೆ ಎಣ್ಣೆ ಒತ್ತಡದಲ್ಲಿರುತ್ತದೆ. ಅಲ್ಲಿ ಎಲ್ಲಿ ಸಡಿಲವಾದರೂ ಎಣ್ಣೆ ಹೊರಗೆ ಒಸರಿ ಕಣ್ಣಿಗೆ ಕಾಣುತ್ತದೆ. ಅದರಿಂದ ಹಿಂದಕ್ಕೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ಸಡಿಲವಾದರೆ ಹೊರಗೆ ಏನೂ ತೊಟ್ಟಿಕ್ಕುವುದಿಲ್ಲ. ಬದಲಿಗೆ ಗಾಳಿ ಒಳಗೆ ಹೋಗುತ್ತದೆ. ಎಣ್ಣೆಯನ್ನು ಅದುಮಲಾಗುವುದಿಲ್ಲ, ಆದ್ದರಿಂದಲೇ ಪಂಪು ಅದನ್ನು ತಳ್ಳಬಲ್ಲದು. ಗಾಳಿಯೋ, ಹತ್ತಿಯ ದಿಂಬಿನಂತೆ ಒತ್ತಿದರೆ ಕುಗ್ಗಿ ಬಿಟ್ಟರೆ ಹಿಗ್ಗುತ್ತದೆ. ಪೈಪಿನಲ್ಲಿ ನಾಲ್ಕು ಗುಳ್ಳೆ ಸೇರಿದರೆ ಪಂಪಿನ ಶ್ರಮವೆಲ್ಲ ಅವನ್ನು ಕುಗ್ಗಿಸುವುದರಲ್ಲೇ ಕಳೆದುಹೋಗಿ, ನೋಜಲ್‌ಗೆ ಏನೂ ಮುಟ್ಟದೆ ಗಾಡಿ ನಿಲ್ಲುತ್ತದೆ. ಇದಕ್ಕೇ 'ಏರ್ ಹಿಡಿದಿದೆ' ಎನ್ನುತ್ತಾರೆ. ಫಿಲ್ಟರಿನ ಮೇಲಿನ ಸಣ್ಣ ಸ್ಕ್ರೂವನ್ನು ಸಡಿಲಿಸಿ, ಗುಂಡಿಯನ್ನು ಒತ್ತಿ ಒತ್ತಿ, ನೊರೆ ಹೋಗಿ ಶುದ್ಧ ಎಣ್ಣೆ ಬರುವವರೆಗೆ ಕಾದು ಮತ್ತೆ ಬಿಗಿ ಮಾಡುವುದು 'ಏರ್ ತೆಗೆಯುವುದು'.

ಇನ್ನು ಕಥೆಗೆ ಬರುತ್ತೇನೆ. ನಮ್ಮ ತೋಟದಿಂದ ಉಡುಪಿಗೆ ಹೋಗಿ ಬರುವುದು ಸುಮಾರು 180 ಕಿಲೋಮೀಟರು. ಇದಕ್ಕೆ ಹಿಂದಿನಿಂದಲೂ 15 ಲೀಟರು ಡೀಸೆಲ್ ಸಾಕಾಗುತ್ತಿತ್ತು. ಕೆಲವು ವರ್ಷಗಳ ಹಿಂದೆ ಒಂದು ಬೇಸಗೆಯಲ್ಲಿ ಅದು 16 ಲೀಟರಾಯಿತು. ಒಂದು ಲೀಟರಿನ ವ್ಯತ್ಯಾಸ. ಜೊತೆಗೆ ಗಾಡಿಯೊಳಗೆ ಕುಳಿತರೆ ಸಣ್ಣಗೆ ಡೀಸೆಲ್ ವಾಸನೆ. ಬೆಳಿಗ್ಗೆ ಸ್ಟಾರ್ಟ್ ಆಗುವುದಕ್ಕೂ ಮೊದಲಿಗಿಂತ ತುಸು ಹೊತ್ತು. ಭೌತಶಾಸ್ತ್ರದ ಅಧ್ಯಾಪಕನಾದವನು ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕಾಗಿತ್ತು. ನಾನು ನೋಡಿದ್ದು ಬೇರೆ. ಒಂದು ಲೀಟರು ಎಲ್ಲಿಗೆ ಹೋಯಿತು? ಗಾಡಿಯಲ್ಲಿ ಡೀಸೆಲ್ ವಾಸನೆ ಏಕೆ ಬರುತ್ತದೆ? ಕ್ಯಾನಿಗೆ ಬಗ್ಗಿಸುವಾಗ ಚೆಲ್ಲಿರಬೇಕು. ಗಾಡಿಯ ಬಳಿ ಒಬ್ಬನೇ ಇರುವವನು ಯಾರು?

ನಾನು ಅವನನ್ನು ಏನೂ ಕೇಳಲಿಲ್ಲ. ಕೇಳುವ ಧೈರ್ಯವಿಲ್ಲದವರು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಪೇಟೆಯಿಂದ ಬೀಗವಿರುವ ಒಂದು ಹೊಸ ಮುಚ್ಚಳವನ್ನು ತಂದು ಟ್ಯಾಂಕಿಗೆ ಹಾಕಿಸಿದೆ. ನಮ್ಮ ಗಾಡಿಗೆಂದು ಮಾಡಿದ ಮುಚ್ಚಳವಲ್ಲ ಅದು. ಬಾಯಿಗೆ ಹೊಂದುತ್ತಿತ್ತು, ಅಷ್ಟೆ. ರಬ್ಬರಿನ ವಾಷರ್ ದಪ್ಪವಾಗಿದ್ದು ಒಳ್ಳೆಯ ಬಿಗಿಯಾಗಿ ಕುಳಿತಿತು. ಬೀಗದ ಕೈಯನ್ನು ನನ್ನ ಜೇಬಿನಲ್ಲಿಟ್ಟುಕೊಂಡೆ. ಅದುವರೆಗೆ ಅವನು ಹತ್ತು, ಹದಿನೈದು ಲೀಟರಿನಂತೆ ಆಗಾಗ ಹಾಕಿಸಿಕೊಳ್ಳುತ್ತಿದ್ದ. ಲೆಕ್ಕ ಸರಿಯಾಗಿ ಸಿಕ್ಕಬೇಕಾದರೆ ಟ್ಯಾಂಕನ್ನು ಪ್ರತಿಸಲವೂ ಬಾಯಿಮಟ್ಟ ತುಂಬಿಸಬೇಕೆಂದು ನಾನು ನಿಯಮ ಮಾಡಿದೆ. ಘಟ್ಟದ ಕೆಳಗೆ, ಹೆಬ್ರಿಯ ಕಡೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಂಕಿತ್ತು. ಉಡುಪಿಯಿಂದ ಮರಳುವಾಗ ಅಲ್ಲಿಯೇ ತುಂಬಿಸುವುದು, ನಾನೂ ಗಾಡಿಯಲ್ಲಿ ಜೊತೆಗೆ ಹೋಗುವುದು ಎಂದಾಯಿತು. ಮುಚ್ಚಳವನ್ನು ಹಾಕಿಸಿದ ದಿನ ಅವನು ಅದನ್ನು ನೋಡಿದ, ನನ್ನ ಮುಖವನ್ನೂ ನೋಡಿದ. "ಹಳೇದು ಚೆನ್ನಾಗೇ ಇತ್ತಲ್ಲ ಮೇಷ್ಟ್ರೇ" ಎಂದ. ಅಷ್ಟೆ.

ಮಳೆ ಹಿಡಿಯಿತು. ಗಾಡಿ ನಿಲ್ಲತೊಡಗಿದ್ದು ಆಗಲೇ. ಬಂಕಿನಿಂದ ಹೊರಟು ಸೋಮೇಶ್ವರದವರೆಗೆ ಚೆನ್ನಾಗಿ ಬರುತ್ತಿತ್ತು. ಘಟ್ಟದ ಮೊದಲ ತಿರುವುಗಳನ್ನು ಏರುತ್ತ ಏರುತ್ತ ಎಂಜಿನ್ನಿನ ದನಿ ಇಳಿಯುತ್ತಿತ್ತು. ಕಾಲೊತ್ತಿದರೂ ಹುರುಪಿಲ್ಲ, ಒಂದೊಂದು ಏಟು ತಪ್ಪಿ ಮಿಸ್ಸಿಂಗ್, ಆರನೆಯದೋ ಏಳನೆಯದೋ ತಿರುವಿನಲ್ಲಿ ನಿಂತೇಬಿಡುತ್ತಿತ್ತು. ಹಿಂದೆ ತೆಂಗಿನಕಾಯಿಯ ಭಾರ, ಮೇಲೆ ಆಗುಂಬೆಯ ಮಳೆ, ಹಿಂದಿನ ಬಸ್ಸಿನವರ ಹಾರನ್ನು. ಚಾಲಕ ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ ಏರ್ ತೆಗೆಯಲು ತೊಡಗುತ್ತಿದ್ದ. ಅಷ್ಟರಲ್ಲಿ ನಾನು ಕೊಡೆ ಹಿಡಿದುಕೊಂಡು ಹಿಂದೆ ಹೋಗಿ, ಜೇಬಿನಿಂದ ಬೀಗದ ಕೈ ತೆಗೆದು, ಮುಚ್ಚಳವನ್ನು ತೆರೆದು ಕೋಲಿಳಿಸಿ ನೋಡುತ್ತಿದ್ದೆ. ತುಂಬಿಸಿದ ಎಣ್ಣೆ ಇದೆಯೋ ಇಲ್ಲವೋ ಎಂದು. ಎಣ್ಣೆ ಇರುತ್ತಿತ್ತು. ಮುಚ್ಚಳ ತೆರೆಯುವಾಗ 'ಸುಯ್' ಎಂದು ಒಂದು ಸದ್ದೂ ಬರುತ್ತಿತ್ತು. ಹೊಸ ಮುಚ್ಚಳ ಎಷ್ಟು ಬಿಗಿಯಾಗಿದೆಯೆಂದು ನನಗೆ ಸಮಾಧಾನವೇ ಆಗುತ್ತಿತ್ತು. ಹತ್ತು ನಿಮಿಷದಲ್ಲಿ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಏರ್ ತೆಗೆದದ್ದರಿಂದ ಆಯಿತೆಂದು ಇಬ್ಬರೂ ತಿಳಿದೆವು. ಕೆಲವು ದಿನ ಆಗುಂಬೆ ದಾಟಿದ ಮೇಲೆ ಇನ್ನೊಮ್ಮೆ ಸೊರಗುತ್ತಿತ್ತು.

ಪೇಟೆಯ ಗ್ಯಾರೇಜಿಗೆ ಒಯ್ದೆವು. ಫಿಲ್ಟರ್ ಬದಲಾಯಿಸಿದರು. ಮುಂದಿನ ಪ್ರಯಾಣದಲ್ಲಿ ಮತ್ತೆ ಏಳನೆಯ ತಿರುವು. ಫೀಡ್ ಪಂಪಿನ ವಾಲ್ವುಗಳನ್ನು ಬದಲಾಯಿಸಿದರು. ಮತ್ತೆ ಅದೇ ತಿರುವು. ಕೊನೆಗೆ ಇಂಜೆಕ್ಷನ್ ಪಂಪನ್ನೇ ಬಿಚ್ಚಿ ಶಿವಮೊಗ್ಗಕ್ಕೆ ಕಳುಹಿಸಿ, ಅಳತೆಯ ಮೇಜಿನ ಮೇಲಿಟ್ಟು ಸರಿಮಾಡಿಸಿ, ನೋಜಲ್‌ಗಳನ್ನು ಪರೀಕ್ಷಿಸಿ ತಂದು ಜೋಡಿಸಿದರು. ತಿಂಗಳ ಪಿಂಚಣಿಯ ಬಹುಭಾಗ ಅದಕ್ಕೇ ಹೋಯಿತು. ಪರೀಕ್ಷೆಗೆಂದು ಪೇಟೆಯ ಸುತ್ತ 20 ಕಿಲೋಮೀಟರು ಓಡಿಸಿದಾಗ ಗಾಡಿ ಕುದುರೆಯಂತೆ ಓಡಿತು. ಟ್ಯಾಂಕಿನಲ್ಲಿ ಆಗ ಇದ್ದುದು ಅರ್ಧಕ್ಕಿಂತ ಕಡಿಮೆ ಎಣ್ಣೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಚಹಾದಂಗಡಿಯಲ್ಲಿ ಬೇರೆ ಬೇರೆ ಸಿದ್ಧಾಂತಗಳು ಹುಟ್ಟಿದವು. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬರುತ್ತಿರುವ ಡೀಸೆಲ್‌ನಲ್ಲಿ ಗಂಧಕದ ಅಂಶ ಹತ್ತು ಲಕ್ಷದಲ್ಲಿ 10 ಪಾಲಿಗೆ ಇಳಿದಿದೆ. ಹಿಂದಿನದರಲ್ಲಿ 50 ಪಾಲಿನವರೆಗೆ ಇರಬಹುದಾಗಿತ್ತು. ಹಳೆಯ ಎಂಜಿನ್ನಿಗೆ ಹೊಸ ಎಣ್ಣೆ ಒಗ್ಗದು ಎಂದರು ಒಬ್ಬರು. ಬಂಕಿನ ಎಣ್ಣೆಯಲ್ಲಿ ನೀರಿದೆ ಎಂದರು ಇನ್ನೊಬ್ಬರು; ತುಂಬಿಸಿದ ದಿನವೇ ನಿಲ್ಲುವುದರಿಂದ ಇದು ನಂಬುವಂತೆಯೂ ಇತ್ತು. ಗಾಡಿ ನಿಂತ ದಿನಗಳಲ್ಲೂ ಒಂದು ಲೀಟರಿನ ವ್ಯತ್ಯಾಸ ಮಾತ್ರ ಹಾಗೆಯೇ ಇತ್ತು. ಬೀಗ ಹಾಕಿದ ಮೇಲೂ ಹೋಗುತ್ತಿದೆಯೆಂದರೆ ನಕಲಿ ಬೀಗದ ಕೈ ಇರಬೇಕೆಂದು ನಾನು ಊಹಿಸಿದೆ. ಸಂಶಯಕ್ಕೆ ಪುರಾವೆ ಸಿಕ್ಕದೆ ಹೋದರೆ ಅದು ಕಡಿಮೆಯಾಗುವುದಿಲ್ಲ, ಇನ್ನಷ್ಟು ಜಾಣತನವನ್ನು ಕಲಿಯುತ್ತದೆ. ಒಂದು ದಿನ ಗ್ಯಾರೇಜಿನಲ್ಲಿ, ಅವನಿಗೆ ಕೇಳುವಂತೆಯೇ, "ತೆಗೆದ ಡೀಸೆಲ್ ಗೊತ್ತಾಗದಿರಲಿ ಎಂದು ಸೀಮೆಎಣ್ಣೆ ಸೇರಿಸಿದರೆ ಗಾಡಿ ಹೀಗೆ ನಿಲ್ಲಬಹುದೇ?" ಎಂದು ಕೇಳಿದೆ.

ಮಾರನೆಯ ಬೆಳಿಗ್ಗೆ ಅವನು ಗಾಡಿಯ ಬೀಗದ ಕೈಯನ್ನು ನಮ್ಮ ಜಗಲಿಯ ಮೊಳೆಗೆ ತೂಗುಹಾಕಿ, "ಮೇಷ್ಟ್ರೇ, ಬೇರೆ ಯಾರನ್ನಾದರೂ ನೋಡಿಕೊಳ್ಳಿ" ಎಂದು ಹೇಳಿ ಹೊರಟುಹೋದ. ಜಗಳವಾಡಲಿಲ್ಲ. ಆ ತಿಂಗಳಿನಲ್ಲಿ ಕೆಲಸ ಮಾಡಿದ ಒಂಬತ್ತು ದಿನದ ಸಂಬಳವನ್ನೂ ಕೇಳಲಿಲ್ಲ.

ಘಟ್ಟದ ಮೇಲಿನ ಒಂದು ಸಣ್ಣ ಪೇಟೆಯಲ್ಲಿ ಲಾರಿಗಳ ರಿಪೇರಿ ಮಾಡುತ್ತ ಮುದುಕರಾದ ಸಾಹೇಬರೊಬ್ಬರಿದ್ದರು. ಕಣ್ಣು ಮಂದವಾಗಿ ಕೆಲಸ ಬಿಟ್ಟಿದ್ದರು. ಬೇರೆ ದಾರಿ ಕಾಣದೆ ಅವರ ಬಳಿಗೆ ಹೋಗಿ, ಇದುವರೆಗೆ ಬದಲಾಯಿಸಿದ ಭಾಗಗಳ ಪಟ್ಟಿಯನ್ನೆಲ್ಲ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, "ಇದೆಲ್ಲ ಗ್ಯಾರೇಜಿನವರು ಮಾಡಿದ್ದಾಯಿತು. ಗಾಡಿ ಓಡಿಸುವವನು ಏನು ಹೇಳ್ತಾನೆ?" ಎಂದರು. ಅವನು ಬಿಟ್ಟುಹೋದನೆಂದೆ. "ಹಾಗಾದರೆ ಅವನನ್ನು ಕರೆದುಕೊಂಡು ಬನ್ನಿ ಮೇಷ್ಟ್ರೇ. ರೋಗಿಯನ್ನು ಬಿಟ್ಟು ನಾನು ಯಾರ ನಾಡಿ ನೋಡಲಿ?" ಎಂದರು.

ಆ ಸಂಜೆ ಅವನ ಮನೆಗೆ ಹೋದೆ. ಜಗಲಿಯಲ್ಲಿ ಕುಳಿತು ಕತ್ತಿಗೆ ಹಿಡಿ ಕೂರಿಸುತ್ತಿದ್ದ. ಎದ್ದು ಚಾಪೆ ಹಾಕಿದ. ಅವನ ಹೆಂಡತಿ ನೀರು ಬೆಲ್ಲ ತಂದಿಟ್ಟರು. ಸಾಹೇಬರು ಕರೆಯುತ್ತಿದ್ದಾರೆ ಎಂದಷ್ಟೇ ಹೇಳಿದೆ. ನಾನು ಕರೆಯುತ್ತಿದ್ದೇನೆ ಎನ್ನಲು ಬಾಯಿ ಬರಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಬ್ರು ಕರೆದರೆ ಬರ್ತೇನೆ" ಎಂದ.

ಸಾಹೇಬರು ಅವನನ್ನು ಕೇಳಿದ ಪ್ರಶ್ನೆಗಳು ನನಗೆ ಈಗಲೂ ಕಂಠಪಾಠವಾಗಿವೆ. ಒಮ್ಮೆಲೇ ನಿಲ್ಲುತ್ತದೆಯೋ, ಸೊರಗಿ ನಿಲ್ಲುತ್ತದೆಯೋ? ಸೊರಗಿ. ಹೊಗೆ ಕಪ್ಪೋ? ಕಪ್ಪಿಲ್ಲ, ಹೊಗೆಯೇ ಕಡಿಮೆ. ಕಪ್ಪು ಹೊಗೆ ಕಂಡರೆ ಎಣ್ಣೆ ಹೆಚ್ಚು, ಗಾಳಿ ಸಾಲದು ಎಂದು ಅರ್ಥ. ಹೊಗೆಯಿಲ್ಲದೆ ಸೊರಗಿದರೆ ಎಣ್ಣೆಯೇ ಮುಟ್ಟುತ್ತಿಲ್ಲವೆಂದು. ಇಳಿಯುವಾಗ ಎಂದಾದರೂ ನಿಂತಿದೆಯೇ? ಇಲ್ಲ. ಎಣ್ಣೆ ತುಂಬಿಸಿ ಎಷ್ಟು ದೂರಕ್ಕೆ ನಿಲ್ಲುತ್ತದೆ? ಇಲ್ಲಿಗೆ ಅವನು ನನ್ನ ಕಡೆ ನೋಡಿ ಸುಮ್ಮನಾದ. "ಹೇಳಪ್ಪ" ಎಂದರು ಸಾಹೇಬರು. "ಟ್ಯಾಂಕ್ ಫುಲ್ ಇದ್ದರೆ ಹದಿನೈದು ಹದಿನಾರು ಕಿಲೋಮೀಟರಿಗೇ ನಿಲ್ಲುತ್ತೆ ಸಾಬ್ರೇ. ಅರ್ಧ ಇದ್ದರೆ ನಿಲ್ಲೋದೇ ಇಲ್ಲ" ಎಂದ. ನಾನು ದಿಗ್ಭ್ರಾಂತನಾದೆ. ಇದನ್ನು ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. "ಟ್ಯಾಂಕ್ ತುಂಬಿಸಬೇಡಿ ಅಂತ ನಾನು ಹೇಳಿದರೆ ನೀವು ಏನು ತಿಳೀತಿದ್ರಿ ಮೇಷ್ಟ್ರೇ?" ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ತಿಂಗಳು ನಾವು ಹುಡುಕುತ್ತಿದ್ದ ಸುಳಿವು ಅವನ ಬಳಿ ಮೊದಲ ವಾರದಿಂದಲೂ ಇತ್ತು. ಅದನ್ನು ಹೇಳಲಾಗದಂತೆ ಮಾಡಿದ್ದವನು ನಾನು.

ಮರುದಿನ ಮೂವರೂ ಹೋಗಿ ಅದೇ ಬಂಕಿನಲ್ಲಿ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ, ಬೀಗ ಹಾಕಿ ಹೊರಟೆವು. ಏಳನೆಯ ತಿರುವಿನಲ್ಲಿ ಗಾಡಿ ತಪ್ಪದೆ ನಿಂತಿತು. ನಾನು ಅಭ್ಯಾಸದಂತೆ ಕೊಡೆ ಬಿಡಿಸಿದೆ. "ಈ ಸಲ ನೀವು ಟ್ಯಾಂಕಿನ ಹತ್ತಿರ ಹೋಗಬೇಡಿ" ಎಂದರು ಸಾಹೇಬರು. ಚಾಲಕನಿಗೆ ಸ್ಕ್ರೂ ಸಡಿಲಿಸಿ ಗುಂಡಿ ಒತ್ತಲು ಹೇಳಿದರು. ಐವತ್ತು ಸಲ ಒತ್ತಿದರೂ ನೊರೆಯೇ ಹೊರತು ಎಣ್ಣೆಯಿಲ್ಲ. ಒತ್ತಿದ ಗುಂಡಿ ಮೇಲಕ್ಕೆ ಬರಲೂ ಒಲ್ಲದು. ಆಮೇಲೆ ನನ್ನನ್ನು ಕರೆದು, "ಈಗ ಬೀಗ ತೆಗೀರಿ. ಕಿವಿ ಕೊಟ್ಟು ಕೇಳಿ" ಎಂದರು. ನಾನು ಮುಚ್ಚಳವನ್ನು ತಿರುಗಿಸಿದೆ. 'ಸುಯ್' ಎಂದು ಗಾಳಿ ಒಳಗೆ ನುಗ್ಗಿತು. ಅತ್ತ ಎಂಜಿನ್ನಿನ ಕಡೆಯಿಂದ "ಬಂತು ಸಾಬ್ರೇ!" ಎಂದು ಕೂಗು ಕೇಳಿಸಿತು. ಎರಡು ಒತ್ತಿಗೆ ಎಣ್ಣೆ ಚಿಮ್ಮಿತ್ತು.

ಆ 'ಸುಯ್' ಎಂಬ ಸದ್ದನ್ನು ನಾನು ಎರಡು ತಿಂಗಳಿಂದ ಕೇಳುತ್ತಿದ್ದೆ. ಅದಕ್ಕೂ ಮೊದಲು 32 ವರ್ಷ ಅದರ ವಿಷಯವಾಗಿಯೇ ಪಾಠ ಹೇಳಿದ್ದೆ. 1643ರಲ್ಲಿ ಇಟಲಿಯ ಟಾರಿಚೆಲ್ಲಿ ಪಾದರಸದ ಕೊಳವೆಯ ಪ್ರಯೋಗದಿಂದ ಗಾಳಿಗೆ ಭಾರವಿದೆಯೆಂದು ತೋರಿಸಿದ. ಪಂಪು ನೀರನ್ನು ಎಳೆಯುತ್ತದೆ ಎಂಬುದು ನಮ್ಮ ಮಾತಿನ ರೂಢಿ. ವಾಸ್ತವದಲ್ಲಿ ಪಂಪು ತನ್ನ ಮುಂದೆ ಒಂದಿಷ್ಟು ಬರಿದು ಜಾಗವನ್ನು ಮಾಡಿಕೊಡುತ್ತದೆ, ಅಷ್ಟೆ. ಬಾವಿಯ ನೀರನ್ನು, ಟ್ಯಾಂಕಿನ ಎಣ್ಣೆಯನ್ನು, ಆ ಜಾಗಕ್ಕೆ ತಳ್ಳುವುದು ಮೇಲಿನ ವಾಯುಮಂಡಲ. ಪ್ರತಿ ಚದರ ಸೆಂಟಿಮೀಟರಿಗೂ ಒಂದು ಕಿಲೋಗ್ರಾಮಿನಷ್ಟು ಅದರ ಭಾರ. ಆ ಭಾರ ಎಣ್ಣೆಯ ಮೇಲೆ ಬೀಳಬೇಕಾದರೆ ಟ್ಯಾಂಕಿಗೆ ಗಾಳಿ ಬರುವ ದಾರಿ ಇರಬೇಕು. ಅದಕ್ಕಾಗಿಯೇ ಹಳೆಯ ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ಒಂದು ರಂಧ್ರವಿತ್ತು. ನಾನು ತಂದ ಮುಚ್ಚಳದಲ್ಲಿ ಇರಲಿಲ್ಲ.

ತುಂಬಿದ ಟ್ಯಾಂಕೇ ಏಕೆ ಬೇಗ ನಿಲ್ಲಬೇಕು? ಇದಕ್ಕೂ ನನ್ನ ಪಾಠದಲ್ಲೇ ಉತ್ತರವಿತ್ತು. 1662ರಲ್ಲಿ ಬಾಯ್ಲ್ ಪ್ರಕಟಿಸಿದ ನಿಯಮದಂತೆ, ಮುಚ್ಚಿಟ್ಟ ಗಾಳಿ ಹಿಗ್ಗಿದಷ್ಟೂ ಅದರ ಒತ್ತಡ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ನಮ್ಮ ಟ್ಯಾಂಕು ಸುಮಾರು 45 ಲೀಟರಿನದು. ಬಾಯಿಮಟ್ಟ ತುಂಬಿಸಿದಾಗ ಮೇಲೆ ಉಳಿಯುವ ಗಾಳಿ 2 ಲೀಟರೆಂದು ಇಟ್ಟುಕೊಳ್ಳಿ. ಒಂದು ಲೀಟರು ಎಣ್ಣೆ ಖರ್ಚಾಗುವಷ್ಟರಲ್ಲಿ ಆ 2 ಲೀಟರು ಗಾಳಿ 3 ಲೀಟರು ಜಾಗವನ್ನು ತುಂಬಬೇಕು. ಒತ್ತಡ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಹಳೆಯ ಫೀಡ್ ಪಂಪು ಅಲ್ಲಿಗೆ ಸೋಲುತ್ತದೆ. ಸಾಲದ್ದಕ್ಕೆ ಗೋಲಿ ಸೋಡಾದ ಗೋಲಿಯನ್ನು ಒತ್ತಿದಾಗ ಗುಳ್ಳೆ ಏಳುವಂತೆ, ಎಣ್ಣೆಯಲ್ಲಿ ಕರಗಿದ್ದ ಗಾಳಿಯೂ ಗುಳ್ಳೆಯಾಗಿ ಪೈಪನ್ನು ಸೇರುತ್ತದೆ. ಅರ್ಧ ಟ್ಯಾಂಕಿದ್ದರೆ ಮೇಲಿನ ಗಾಳಿಯೇ 22 ಲೀಟರು. ಅದೇ ಸ್ಥಿತಿಗೆ ಬರಬೇಕಾದರೆ 11 ಲೀಟರು ಖರ್ಚಾಗಬೇಕು, ಅಂದರೆ ನೂರು ಕಿಲೋಮೀಟರಿಗೂ ಹೆಚ್ಚು ಓಡಬೇಕು. ಚಾಲಕ ಬಾಯ್ಲನ ಹೆಸರನ್ನು ಕೇಳಿದವನಲ್ಲ. ನಿಯಮವನ್ನು ಮಾತ್ರ ರಸ್ತೆಯಲ್ಲಿ ಸರಿಯಾಗಿ ಕಂಡುಕೊಂಡಿದ್ದ. ಮನೆಯಲ್ಲಿ ಈ ವೃತ್ತಾಂತವನ್ನು ಹೇಳಿದಾಗ ನನ್ನ ಹೆಂಡತಿ, "ಎಣ್ಣೆ ಡಬ್ಬಕ್ಕೆ ಎರಡು ತೂತು ಮಾಡದೆ ಎಣ್ಣೆ ಬರುತ್ತದೆಯೇ? ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ" ಎಂದಳು. ಕೇಳಬೇಕಾದವರನ್ನು ಕೇಳದಿರುವುದು ನನ್ನ ಹಳೆಯ ಅಭ್ಯಾಸವೆಂದು ಅಂದು ತಿಳಿಯಿತು.

ಇನ್ನು ಆ ಒಂದು ಲೀಟರಿನ ಕಳ್ಳ. ಅವನೂ ಅದೇ ದಿನ ಸಿಕ್ಕಿಬಿದ್ದ. ಸಾಹೇಬರು ಓಡುವ ಎಂಜಿನ್ನಿನ ಫಿಲ್ಟರಿನ ಕೆಳಗೆ ಒಂದು ಹಳೆಯ ಪತ್ರಿಕೆಯ ಹಾಳೆಯನ್ನು ಹಿಡಿಸಿದರು. ಎರಡು ನಿಮಿಷದಲ್ಲಿ ಹಾಳೆ ತೊಯ್ದು ಪಾರದರ್ಶಕವಾಯಿತು. ಫೀಡ್ ಪಂಪಿನಿಂದ ಫಿಲ್ಟರಿಗೆ ಬರುವ ಪೈಪಿನ ಬೋಲ್ಟಿನ ತಾಮ್ರದ ವಾಷರ್ ಸವೆದು, ಎಂಜಿನ್ ಓಡುವಾಗ ಮಾತ್ರ ಅಲ್ಲಿ ಎಣ್ಣೆ ಒಸರುತ್ತಿತ್ತು. ನಿಂತಾಗ ಒತ್ತಡವಿಲ್ಲ, ಒಸರುವಿಕೆಯೂ ಇಲ್ಲ. ಕೆಳಗೆ ಗ್ರೀಸು ಮತ್ತು ಕೆಂಪು ಧೂಳು ಮೆತ್ತಿದ ತಗಡು ಅದನ್ನು ಹೀರಿ ಮುಚ್ಚಿಡುತ್ತಿತ್ತು. ಉಳಿದುದನ್ನು ಮಳೆ ತೊಳೆಯುತ್ತಿತ್ತು. ಫಿಲ್ಟರ್ ಬದಲಾಯಿಸಿದವರು ಆ ಹಳೆಯ ವಾಷರನ್ನೇ ಮತ್ತೆ ಹಾಕಿದ್ದರು. ಗಾಡಿಯೊಳಗಿನ ವಾಸನೆಗೂ, ಬೆಳಿಗ್ಗೆ ತಡವಾಗಿ ಸ್ಟಾರ್ಟ್ ಆಗುವುದಕ್ಕೂ, ಮಾಯವಾದ ಲೀಟರಿಗೂ ಕಾರಣ ಅದೊಂದೇ. ಹೊಸ ವಾಷರಿನ ಬೆಲೆ ಒಂದು ಲೋಟ ಚಹಾಕ್ಕಿಂತ ಹೆಚ್ಚಲ್ಲ.

ಕೇಳುಗರಲ್ಲಿ ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡವರಿದ್ದರೆ, ಸಾಹೇಬರು ಅಂದು ಹೇಳಿದ ಕ್ರಮವನ್ನು ಒಪ್ಪಿಸುತ್ತೇನೆ. ಎಣ್ಣೆ ಮುಟ್ಟುತ್ತಿಲ್ಲವೆಂಬ ಸಂಶಯ ಬಂದಾಗ ಮೊದಲು ಮುಚ್ಚಳವನ್ನು ಸಡಿಲಿಸಿ ಓಡಿಸಿ ನೋಡಿ. ಇದಕ್ಕೆ ಕಾಸು ಖರ್ಚಿಲ್ಲ. ಆಮೇಲೆ ಟ್ಯಾಂಕಿನ ತಳದ ಎಣ್ಣೆಯನ್ನೂ ಫಿಲ್ಟರಿನ ಅಡಿಯ ಎಣ್ಣೆಯನ್ನೂ ಗಾಜಿನ ಬಾಟಲಿಗೆ ಬಗ್ಗಿಸಿ ಒಂದಿಷ್ಟು ಹೊತ್ತು ಇಡಿ. ನೀರಿದ್ದರೆ ಕೆಳಗೆ ನಿಲ್ಲುತ್ತದೆ. ಮಳೆನಾಡಿನಲ್ಲಿ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಕಟ್ಟಿ ನೀರಾಗುವುದು ಸಹಜ. ಮೂರನೆಯದಾಗಿ, ಒಂದು ಸಣ್ಣ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ ಎಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಟ್ಯಾಂಕಿನ ಪೈಪನ್ನು ಬಿಡಿಸಿ, ಕ್ಯಾನಿನ ಪೈಪನ್ನು ಫೀಡ್ ಪಂಪಿಗೆ ಕೊಡಿ. ಬಿಸಿ ಭಾಗಗಳಿಂದ ದೂರವಿರಬೇಕೆಂದು ಹೇಳಬೇಕಾಗಿಲ್ಲ. ಆಗ ಗಾಡಿ ಸರಿಯಾಗಿ ಓಡಿದರೆ ದೋಷ ಪಂಪಿನ ಹಿಂದೆ ಇದೆ, ಟ್ಯಾಂಕಿನಲ್ಲಿ ಇಲ್ಲವೇ ಪೈಪಿನಲ್ಲಿ. ಓಡದಿದ್ದರೆ ಮುಂದೆ ಇದೆ. ಅರ್ಧ ದಾರಿಯನ್ನು ಒಂದೇ ಪರೀಕ್ಷೆಯಲ್ಲಿ ಬಿಟ್ಟುಬಿಡಬಹುದು. ಫೀಡ್ ಪಂಪಿನ ಹಿಂದೆ ಒಂದು ಗೇಣು ಪಾರದರ್ಶಕ ಪೈಪನ್ನು ಹಾಕಿ ನೋಡಿದರೆ ಗುಳ್ಳೆಗಳು ಬರುತ್ತಿವೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಇಷ್ಟೆಲ್ಲ ಆದಮೇಲೂ ತಿಳಿಯದಿದ್ದರೆ ಆಗ ಇಂಜೆಕ್ಷನ್ ಪಂಪನ್ನು ಬಿಚ್ಚುವ ಮಾತು. ನಾವು ಮಾಡಿದ್ದು ಇದಕ್ಕೆ ತಲೆಕೆಳಗು. ಬೆಲೆ ಹೆಚ್ಚಿದ್ದಲ್ಲಿಯೇ ದೋಷವೂ ಇರುತ್ತದೆಂದು ತಿಳಿದೆವು. ಇಷ್ಟಕ್ಕೂ ಮೊದಲು ಮಾಡಬೇಕಾದದ್ದೊಂದಿದೆ. ಗಾಡಿಯನ್ನು ದಿನವೂ ಓಡಿಸುವವನನ್ನು ಕುಳ್ಳಿರಿಸಿ ಕೇಳಬೇಕು. ಅವನು ಹೆದರದೆ ಹೇಳಬಹುದಾದ ರೀತಿಯಲ್ಲಿ ಕೇಳಬೇಕು.

ಅಂದು ಏಳನೆಯ ತಿರುವಿನಲ್ಲಿ, ಮಳೆಯಲ್ಲಿ, ಹಳೆಯ ಮುಚ್ಚಳ ಎಲ್ಲಿ ಹೋಯಿತೋ ಎಂದು ನಾನು ಗೊಣಗುತ್ತಿದ್ದಾಗ, ಚಾಲಕ ಸೀಟಿನ ಕೆಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟನ್ನು ತೆಗೆದ. ನಾನು ಎಸೆಯಲು ಹೇಳಿದ್ದ ಮುಚ್ಚಳವನ್ನು ಅವನು ಒರೆಸಿ ಇಟ್ಟಿದ್ದ. ರಂಧ್ರಕ್ಕೆ ಬಾಯಿಟ್ಟು ಒಮ್ಮೆ ಊದಿ, ಟ್ಯಾಂಕಿಗೆ ತಿರುಗಿಸಿ ಹಾಕಿದ. ನಾನು ಗಾಡಿಯ ಬೀಗದ ಕೈಯನ್ನು ಅವನ ಕೈಯಲ್ಲಿಟ್ಟು, "ತಪ್ಪಾಯಿತು ಮಾರಾಯ" ಎಂದೆ. ಅವನು, "ಗಾಡಿ ಹತ್ತುತ್ತಲ್ಲ ಮೇಷ್ಟ್ರೇ, ಬಿಡಿ" ಎಂದ. ಉಳಿದ ಏಳು ತಿರುವುಗಳನ್ನು ಗಾಡಿ ನಿಲ್ಲದೆ ಹತ್ತಿತು.

ಅವನು ಮತ್ತೆ ನಮ್ಮಲ್ಲಿಯೇ ಇದ್ದಾನೆ. ಗಾಡಿ ಹಿಂದಿನಂತೆ 15 ಲೀಟರಿನಲ್ಲಿ ಉಡುಪಿಗೆ ಹೋಗಿಬರುತ್ತದೆ. ಬೀಗದ ಮುಚ್ಚಳ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಭಾರವಾಗಿದೆ. ಒಂದು ಸಂಗತಿ ಮಾತ್ರ ಸರಿಹೋಗಿಲ್ಲ. ಮೊದಲಿನ 11 ವರ್ಷ ಅವನು ಬಂಕಿನ ರಸೀದಿಯನ್ನು ತಂದುಕೊಟ್ಟವನಲ್ಲ. ಬಾಯಲ್ಲಿ ಲೆಕ್ಕ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಈಗ ಪ್ರತಿಸಲವೂ ರಸೀದಿಯನ್ನು ತಂದು ಜಗಲಿಯ ಮೇಲಿಟ್ಟು ಹೋಗುತ್ತಾನೆ. ಬೇಡವೆಂದು ಎಷ್ಟೋ ಸಲ ಹೇಳಿದ್ದೇನೆ. "ಇರಲಿ ಮೇಷ್ಟ್ರೇ" ಎನ್ನುತ್ತಾನೆ.